ಕದಂಬವನದ ಕುಂಡಗಳು

ಜೈನ ಮನೆತನಗಳಲ್ಲಿ ಮದ್ಯದ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ಪೂರ್ವಾಚಾರ್ಯರಾದರೋ ಈ ವಿಷಯದಲ್ಲಿ ಎಂದೂ ನಿಶ್ಚಿಂತರಾಗಿರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಇವುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಗೃಹಸ್ಥನ ಅಷ್ಟಮೂಲಗುಣಗಳೆಂದರು. ಅನಂತರದ ಹಲವು ಆಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಪಂಚ ಉದುಂಬರ ಫಲಗಳ ತ್ಯಾಗವನ್ನು ಹೇಳಿದರು. ಎಣಿಕೆಯ ಕ್ರಮ ಬದಲಾಯಿತು. ಮದ್ಯತ್ಯಾಗ ಮಾತ್ರ ತನ್ನ ಸ್ಥಾನದಿಂದ ಕದಲಲಿಲ್ಲ.

ಈ ಎಚ್ಚರಿಕೆಯ ಹಿಂದೆ ಪ್ರಥಮಾನುಯೋಗದ ಒಂದು ದಾರುಣ ಕಥೆಯಿದೆ. ಕರ್ನಾಟಕದ ಪುನ್ನಾಟ ನಾಡಿನ ಹೆಸರನ್ನು ಹೊತ್ತ ಸಂಘಕ್ಕೆ ಸೇರಿದ ಜಿನಸೇನಾಚಾರ್ಯರು ಶಕ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ ರಚಿಸಿದ ಹರಿವಂಶಪುರಾಣದಲ್ಲಿ ಅದು ಬರುತ್ತದೆ. ಮದ್ಯದ ನಿಮಿತ್ತದಿಂದ, ದ್ವೈಪಾಯನ ಮುನಿಯ ಕೋಪಾಗ್ನಿಯಲ್ಲಿ ದ್ವಾರಾವತಿ ಬೆಂದುಹೋಗುವುದೆಂದು ನೇಮಿನಾಥ ತೀರ್ಥಂಕರರು ತಿಳಿಸಿದರು. ಅದನ್ನು ಕೇಳಿ ನಗರದ ಮದ್ಯವನ್ನೆಲ್ಲ ಹೊರಗೆ ಸಾಗಿಸಿ ಕದಂಬವನದ ಕುಂಡಗಳಲ್ಲಿ ಚೆಲ್ಲಿಸಲಾಯಿತು. ವರ್ಷಗಳು ಕಳೆದವು. ವನಕ್ರೀಡೆಗೆ ಹೋದ ಯಾದವ ಕುಮಾರರು ಬಾಯಾರಿ ಅದನ್ನೇ ನೀರೆಂದು ಕುಡಿದರು. ಮತ್ತೇರಿ, ತಪೋನಿರತ ಮುನಿಯನ್ನು ಕಲ್ಲುಗಳಿಂದ ಹೊಡೆದರು. ನಗರ ಉರಿದುಹೋಯಿತು. ಹಿರಿಯರು ಮದ್ಯವನ್ನು ಊರಿನಿಂದ ಹೊರಹಾಕಿದ್ದರು, ಮಕ್ಕಳ ಕೈಗೆಟುಕದಂತೆ ಮಾಡಿರಲಿಲ್ಲ. ಕುಮಾರರೂ ಕೆಡಬೇಕೆಂದು ಹೊರಟವರಲ್ಲ.

ನಮ್ಮ ನಾಡಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮೈಸೂರಿನಲ್ಲಿ ೧೯೪೮ರಲ್ಲಿ ಆರಂಭವಾದ ಪಾನನಿರೋಧ ೧೯೬೭ರಲ್ಲಿ ತೆರವಾಯಿತು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಇತರ ಮದ್ಯಗಳ ಅಂಗಡಿಗಳು ಉಳಿದವು. ಮದ್ಯ ಖರೀದಿಯ ವಯೋಮಿತಿಯನ್ನು ೨೧ರಿಂದ ೧೮ಕ್ಕೆ ಇಳಿಸುವ ಕರಡು ನಿಯಮ ೨೦೨೩ರಲ್ಲಿ ಪ್ರಕಟವಾಗಿ, ಜನರ ವಿರೋಧದಿಂದ ಹಿಂದೆ ಸರಿಯಿತು. ಕಾನೂನು ಬೇಕು, ಆದರೆ ಅದು ಹೊಸ್ತಿಲಿನಾಚೆಯ ಕಾವಲು. ಹರೆಯದಲ್ಲಿ ಮೆದುಳಿನ ಬೆಳವಣಿಗೆ ಇನ್ನೂ ಮುಗಿದಿರುವುದಿಲ್ಲ. ಎಳೆಯ ವಯಸ್ಸಿನಲ್ಲೇ ಕುಡಿತ ಆರಂಭಿಸಿದವರು ಮುಂದೆ ಅದಕ್ಕೆ ದಾಸರಾಗುವ ಸಂಭವವೂ ಹೆಚ್ಚು. ವಸತಿಗೃಹದ ಗೆಳೆತನ, ಮದುವೆಯ ಮುನ್ನಾದಿನದ ಕೂಟ, ಉದ್ಯೋಗದ ಔತಣ ಇವೇ ಇಂದಿನ ಕದಂಬವನಗಳು.

ಮಗನೊಬ್ಬ ಕುಡಿತಕ್ಕೆ ಬಿದ್ದನೆಂದಾಗ ನಾವು ಮಾಡುವುದೇನು? ಬಹುಮಟ್ಟಿಗೆ ಮುಚ್ಚಿಡುತ್ತೇವೆ. ಸಂಬಂಧ ಕೆಟ್ಟೀತು, ಬಸದಿಯಲ್ಲಿ ತಲೆ ತಗ್ಗಿಸಬೇಕಾದೀತು ಎಂಬ ಭಯ. ಇದನ್ನು ಉಪಗೂಹನವೆಂದು ಕರೆದುಕೊಳ್ಳುವುದು ಆತ್ಮವಂಚನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಮರುಹೆಜ್ಜೆಯೇ ಸ್ಥಿತೀಕರಣ, ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಮನಸ್ಸು ಚಂಚಲವಾದ ಮಿತ್ರಮುನಿ ಪುಷ್ಪಡಾಲನನ್ನು ವಾರಿಷೇಣ ಮುನಿ ಜರೆಯಲಿಲ್ಲ, ತೊರೆಯಲೂ ಇಲ್ಲ. ಜೊತೆಗೆ ಕರೆದೊಯ್ದು ಪುನಃ ಸ್ಥಿರಗೊಳಿಸಿದನು. ದೋಷವನ್ನು ಊರಿಗೆ ಸಾರದಿರುವುದು ಉಚಿತ. ಆದರೆ ದೋಷಿಯನ್ನು ಒಂಟಿಯಾಗಿ ಬಿಡುವುದು ಧರ್ಮವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೀರ್ಘಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಸೆಳವು, ಸನ್ನಿ ಕಾಣಿಸಿಕೊಳ್ಳಬಹುದು, ಪ್ರಾಣಾಪಾಯವೂ ಉಂಟು. ಆದುದರಿಂದ ಅಂಥವನನ್ನು ಪ್ರತಿಜ್ಞೆಗೆಂದು ಬಸದಿಗೆ ಕರೆತರುವ ಮುನ್ನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ವೈದ್ಯಕೀಯವು ಮದ್ಯಾವಲಂಬನೆಯನ್ನು ಚಿಕಿತ್ಸೆಗೆ ಅರ್ಹವಾದ ವ್ಯಾಧಿಯೆಂದು ಎಣಿಸುತ್ತದೆ. ಔಷಧ ದೇಹವನ್ನು ಕಾಯಲಿ, ಬಳಿಕ ವ್ರತವು ಮನಸ್ಸನ್ನು ಕಾಯಲಿ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಪರ್ಯೂಷಣದ ಒಂದು ದಿನವನ್ನಾದರೂ ಈ ವಿಚಾರಕ್ಕೆ ಮೀಸಲಿಡಲಿ, ವೈದ್ಯರೊಬ್ಬರನ್ನು ಕರೆಸಲಿ, ನೊಂದ ತಾಯಿಯೊಬ್ಬಳು ಅಂಜದೆ ಮಾತನಾಡುವಂತಾಗಲಿ. ದ್ವಾರಾವತಿಯ ಹಿರಿಯರಿಗೆ ಹನ್ನೆರಡು ವರ್ಷಗಳ ಮುನ್ಸೂಚನೆಯಿತ್ತು. ನಮ್ಮ ಮಕ್ಕಳು ಬಾಯಾರುವ ಮೊದಲೇ ಕುಂಡಗಳ ಬಳಿ ನಿಲ್ಲುವುದು ನಮ್ಮ ಕರ್ತವ್ಯ.