ಹಳ್ಳಿಗೆ ಬಂದ ಪ್ರವಾಸಿಗಳೂ ಹಳ್ಳಿಯವರ ಮಾತೂ

ನಾಡಿನ ಚರಿತ್ರೆಯನ್ನು ಅರಿಯಲು ಶಾಸನಗಳೂ ಬಖೈರುಗಳೂ ಹೇಗೆ ಸಾಧನಗಳೋ ಹಾಗೆಯೇ ಪ್ರವಾಸಿಗಳ ದಿನಚರಿಗಳೂ ಸಾಧನಗಳಾಗಿವೆ. ಶಾಸನವು ದೊರೆಯ ದಾನವನ್ನೂ ಗೆಲುವನ್ನೂ ಹೇಳುತ್ತದೆ. ರಾಗಿ ಬಿತ್ತಿದವನು ಏನು ಉಂಡನು, ಮಗ್ಗದವನು ಏನು ಗಳಿಸಿದನು ಎಂಬುದನ್ನು ಹೇಳುವುದು ಅಪೂರ್ವ. ಅದನ್ನು ತಿಳಿಯಬೇಕಾದರೆ ಊರೂರು ಸುತ್ತಿ ಜನರನ್ನು ಕೇಳಿದವರ ಬರಹವನ್ನು ನಾವು ನೋಡಬೇಕು. ಅವರು ಯಾವ ಭಾಷೆಯಲ್ಲಿ ಕೇಳಿದರು, ಉತ್ತರವನ್ನು ಯಾರ ಮಾತಿನಲ್ಲಿ ಬರೆದಿಟ್ಟರು ಎಂಬುದನ್ನೂ ವಿಚಾರಿಸಬೇಕು.

ಬೆಂಗಳೂರಿನ ಸುತ್ತಣ ಹಳ್ಳಿಗಳಿಗೆ ಹೀಗೆ ಬಂದವರಲ್ಲಿ ಫ್ರಾನ್ಸಿಸ್ ಬುಕಾನನ್ ಪ್ರಸಿದ್ಧನು. ಈತನು ಸ್ಕಾಟ್ಲೆಂಡಿನ ವೈದ್ಯ, ಕಂಪನಿಯ ನೌಕರ. ಟಿಪ್ಪುಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಏಪ್ರಿಲ್ 23ರಂದು ಮದರಾಸಿನಿಂದ ಹೊರಟನು. ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿ 1801ರಲ್ಲಿ ಹಿಂದಿರುಗಿದನು. ಕೋಲಾರದಿಂದ ಶಿರಾಕ್ಕೆ ಹೋಗುವಾಗ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳನ್ನು ಕಂಡನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಒಕ್ಕಲಿಗರು, ಕುರುಬರು, ದೇವಾಂಗದವರು, ಗಾಣಿಗರು, ಮಾದಿಗರು, ಹೀಗೆ ಕುಲ ಕುಲವನ್ನೂ ಕಸುಬು ಕಸುಬನ್ನೂ ಅವರವರನ್ನೇ ಕೇಳಿ ಬರೆದುಕೊಂಡ ಅವನ ಶ್ರಮವನ್ನು ಮೆಚ್ಚದಿರಲಾಗದು.

ಆದರೆ ಅವನಿಗೆ ಕನ್ನಡ ಬಾರದು. ದುಭಾಷಿಯ ಬಾಯಿಂದ ಕೇಳಿ ಇಂಗ್ಲಿಷಿನಲ್ಲಿ ಬರೆದನು. ಮೇಲಾಗಿ ಅವನು ಗೆದ್ದ ಸರ್ಕಾರದ ಕಡೆಯವನು. ನಿನ್ನ ಹೊಲದಲ್ಲಿ ಎಷ್ಟು ಖಂಡುಗ ಬೆಳೆಯುತ್ತದೆ ಎಂದು ಅಂಥವನು ಕೇಳಿದರೆ, ಕಂದಾಯದ ಭಯವುಳ್ಳ ರೈತನು ಮನಸ್ಸು ಬಿಚ್ಚಿ ಹೇಳುವನೇ? ಆದುದರಿಂದ ಆ ಪುಟಗಳಲ್ಲಿ ನಮ್ಮವರು ಹೇಳಿದ್ದರ ಜೊತೆಗೆ ಹೇಳದೆ ಉಳಿಸಿಕೊಂಡದ್ದೂ ಇದೆಯೆಂದು ಭಾವಿಸಿಯೇ ನಾವು ಓದಬೇಕು.

ಇದಕ್ಕೆ ಮೊರಸು ಒಕ್ಕಲಿಗರ ವಿಷಯವು ಒಳ್ಳೆಯ ನಿದರ್ಶನ. ಅವರಲ್ಲಿ ಬೆರಳು ಕೊಡುವ ಒಕ್ಕಲು ಎಂಬ ಪಂಗಡವಿತ್ತು. ಹಿರಿಯ ಮಗಳ ಮದುವೆಯ ಸಂಬಂಧದಲ್ಲಿ ತಾಯಿಯಾದವಳು ಬಲಗೈಯ ಎರಡು ಬೆರಳುಗಳ ತುದಿಯನ್ನು ಊರ ಕಮ್ಮಾರನ ಉಳಿಗೆ ಒಡ್ಡುತ್ತಿದ್ದಳು. ಫ್ರೆಂಚ್ ಪಾದ್ರಿ ದುಬ್ವಾ ಮತ್ತು ಕರ್ನಲ್ ವಿಲ್ಕ್ಸ್ ಇದನ್ನು ಬರೆದ ಮೇಲೆ ದೂರದ ಓದುಗರಿಗೆ ಈ ಜನರೆಂದರೆ ಕಡಿದ ಬೆರಳು ಮಾತ್ರವಾಯಿತು. ಅವತಿಯಿಂದ ಹೊರಟು ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನಾಳಿದ ಗೌಡರೂ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನೂ ಮೊರಸು ಒಕ್ಕಲಿನವರೇ ಎಂಬುದು ಹಿಂದೆ ಸರಿಯಿತು.

ಆ ಆಚಾರಕ್ಕೆ ಅವರು ಹೇಳುತ್ತಿದ್ದ ಕಾರಣವು ಬೇರೆಯೇ. ಭಸ್ಮಾಸುರನು ಅಟ್ಟಿಸಿಕೊಂಡು ಬಂದಾಗ ಶಿವನು ಹೊಲದಲ್ಲಿ ಅಡಗಿದನಂತೆ. ರಕ್ಕಸನು ಕೇಳಲು, ಒಕ್ಕಲಿಗನು ಬಾಯಲ್ಲಿ ಕಾಣೆನೆಂದು ಬೆರಳಿನಿಂದ ತೋರಿಸಿದನಂತೆ. ಶಿವನು ಆ ಬೆರಳನ್ನು ತೆಗೆಯಹೊರಟಾಗ, ಬುತ್ತಿ ಹೊತ್ತು ಬಂದ ಹೆಂಡತಿಯು, ಗಂಡನ ಬೆರಳು ಹೋದರೆ ಬೇಸಾಯ ಕೆಡುವುದು, ಒಂದಕ್ಕೆ ಬದಲು ನನ್ನವೆರಡನ್ನು ತೆಗೆದುಕೊ ಎಂದಳಂತೆ. ಆಚಾರವು ಕ್ರೂರವೆಂಬುದರಲ್ಲಿ ಸಂದೇಹವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರವು ಅದನ್ನು ನಿಷೇಧಿಸಿತು. ಬೆರಳಿಗೆ ಬದಲಾಗಿ ಚಿನ್ನವನ್ನೋ ಬೆಳ್ಳಿಯನ್ನೋ ಬಳಸುವ ರೂಢಿ ಬಂದಿತು. ಆದರೆ ಉಳಿಯ ಮುಂದೆ ಕೈಯಿಟ್ಟ ಹೆಂಗಸು ತನ್ನ ಮಾತಿನಲ್ಲಿ ಏನು ಹೇಳಿದಳು? ಅದನ್ನು ಆ ಪ್ರವಾಸಿಗಳು ಕನ್ನಡದಲ್ಲಿ ಬರೆದಿಡಲಿಲ್ಲ.

ಬೇರೆ ರೀತಿಯಲ್ಲಿಯೂ ಬರೆಯಲು ಸಾಧ್ಯವಿತ್ತೆಂಬುದನ್ನು ಮೆಕ್ಸಿಕೋ ದೇಶದ ಚರಿತ್ರೆ ತೋರಿಸುತ್ತದೆ. 1529ರಲ್ಲಿ ಅಲ್ಲಿಗೆ ಹೋದ ಸ್ಪೇನಿನ ಸನ್ಯಾಸಿ ಸಹಗೂನನು ಮೂಲನಿವಾಸಿಗಳ ನಾವಾತ್ಲ್ ಭಾಷೆಯನ್ನು ಕಲಿತನು. ಊರ ಹಿರಿಯರನ್ನು ಪ್ರಶ್ನಿಸಿ, ಆ ಜನರದೇ ಮಕ್ಕಳಾದ ವಿದ್ಯಾವಂತರ ಕೈಯಿಂದ ಉತ್ತರಗಳನ್ನು ಆ ಭಾಷೆಯಲ್ಲಿಯೇ ಬರೆಯಿಸಿ, ಸ್ಪ್ಯಾನಿಷ್ ಬರಹವನ್ನು ಪಕ್ಕದಲ್ಲಿಟ್ಟು, ಹನ್ನೆರಡು ಪುಸ್ತಕಗಳನ್ನು ಸಿದ್ಧಗೊಳಿಸಿದನು. ಅವನ ಉದ್ದೇಶವು ಅವರ ಮತವನ್ನು ಕೀಳುವುದಾಗಿತ್ತು. ಆದರೂ ಅವರ ಮಾತು ಉಳಿಯಿತು. ಇಂದು ಆ ಜನರ ಸಂತತಿಯವರು ಪೂರ್ವಿಕರ ನುಡಿಯನ್ನು ಅಲ್ಲಿ ಓದಬಲ್ಲರು.

ನಮ್ಮಲ್ಲಿ ಎಚ್. ವಿ. ನಂಜುಂಡಯ್ಯನವರೂ ಅನಂತಕೃಷ್ಣ ಅಯ್ಯರ್ ಅವರೂ ಸಿದ್ಧಪಡಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳು 1928ರಿಂದ 1935ರ ವರೆಗೆ ಹೊರಬಂದವು. ಬಹು ಉಪಕಾರಕವಾದ ಆ ಕಾರ್ಯವೂ ಇಂಗ್ಲಿಷಿನಲ್ಲಿಯೇ ನಡೆಯಿತು. ಉಳಿದ ಕೆಲಸವು ನಮ್ಮದು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಹೊಲಗಳು ನಿವೇಶನಗಳಾಗುತ್ತಿವೆ. ಹೊಲದ ಹೆಸರುಗಳೂ ಬಿತ್ತನೆಯ ಮಾತುಗಳೂ ಅವನ್ನು ಬಲ್ಲ ಮುದುಕರೊಡನೆ ಹೋಗುತ್ತಿವೆ. ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ತರುಣ ತರುಣಿಯರಿಗೆ ದುಭಾಷಿ ಬೇಕಿಲ್ಲ, ಅವರನ್ನು ಕಂಡು ಕಂದಾಯಕ್ಕೆ ಅಂಜುವವರೂ ಇಲ್ಲ. ರಜೆಯಲ್ಲಿ ಮನೆಗೆ ಹೋದಾಗ ಅಜ್ಜಿಯ ಬಳಿ ಕುಳಿತು, ಆಕೆ ಹೇಳಿದುದನ್ನು ತಿದ್ದದೆ, ಆಕೆಯ ಕನ್ನಡದಲ್ಲಿಯೇ ಅವರು ಬರೆದಿಡಲಿ.