ಕಾದಿ ಮಡಿದವರು, ಬಸ್ಸಿಗೆ ಕಾದು ಮಡಿದವರು

ತೀರ್ಥಹಳ್ಳಿ ಎಂದರೆ ಕುಪ್ಪಳಿ, ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯ ರಾಮತೀರ್ಥ ಎಂದಷ್ಟೇ ತಿಳಿದಿದ್ದವರ ಕಿವಿಗೆ 2022ರ ನವೆಂಬರ್ 19ರ ನಂತರ ಆ ಊರಿನ ಹೆಸರು ಬೇರೆ ಥರ ಕೇಳಿಸತೊಡಗಿತು. ಅಂದು ಸಂಜೆ ಮಂಗಳೂರಿನಲ್ಲಿ ಓಡುತ್ತಿದ್ದ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿದು ಚಾಲಕನೂ ಪ್ರಯಾಣಿಕನೂ ಸುಟ್ಟುಕೊಂಡರು. ಆ ಪ್ರಯಾಣಿಕನೇ ಪ್ರಕರಣದ ಆರೋಪಿ, ತೀರ್ಥಹಳ್ಳಿಯವನು. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದ ಇಬ್ಬರು ಮುಖ್ಯ ಆರೋಪಿಗಳೂ ತೀರ್ಥಹಳ್ಳಿಯವರೇ. ಮರುವರ್ಷ, 2025ರ ಏಪ್ರಿಲ್ 22ರಂದು, ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಗುಂಡಿಗೆ ಬಲಿಯಾದ 26 ಜನರಲ್ಲಿ ಒಬ್ಬರು ಶಿವಮೊಗ್ಗದವರು. ಆಸ್ಪತ್ರೆಗೂ ಕಾಲೇಜಿಗೂ ಕೋರ್ಟಿಗೂ ಶಿವಮೊಗ್ಗವನ್ನೇ ನಂಬಿರುವ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಹೀಗೆ ಎರಡೂವರೆ ವರ್ಷದೊಳಗೆ ಭಯೋತ್ಪಾದನೆಯ ಎರಡು ಮುಖಗಳನ್ನೂ ಹತ್ತಿರದಿಂದ ಕಂಡರು. ಆರೋಪಿಯ ಊರು ಇಲ್ಲೇ, ಸಂತ್ರಸ್ತರ ಮನೆಯೂ ಇಲ್ಲೇ. ಇಂಥ ದಾಳಿಗಳಿಗೆ ನಮ್ಮ ನಾಡು ಹೇಗೆ ಪ್ರತಿಕ್ರಿಯಿಸುತ್ತ ಬಂತು, ಏನನ್ನು ನೆನಪಿಟ್ಟುಕೊಂಡಿತು, ಏನನ್ನು ಕೈಬಿಟ್ಟಿತು ಎಂದು ನೋಡಲು ಈ ಮೂರು ತಾಲ್ಲೂಕುಗಳಿಗಿಂತ ಸರಿಯಾದ ಜಾಗ ನನಗೆ ಕಾಣುವುದಿಲ್ಲ.

ಊರಿನ ಮೇಲೆ ಬಿದ್ದ ದಾಳಿಯನ್ನು ದಾಖಲಿಸುವುದು ಈ ನೆಲಕ್ಕೆ ಹೊಸದಲ್ಲ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿಗೇ ಮೀಸಲು. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗೊಳ್, ಪೆಣ್ಬುಯ್ಯಲ್, ಊರಳಿವು ಮತ್ತೆ ಮತ್ತೆ ಬರುತ್ತವೆ. ದನ ಹೊಡೆದುಕೊಂಡು ಹೋದದ್ದು, ಹೆಂಗಸರ ಮಾನಕ್ಕೆ ಕೈಯಿಟ್ಟದ್ದು, ಊರನ್ನೇ ಹಾಳುಗೆಡವಿದ್ದು: ಮೂರೂ ಸಾಮಾನ್ಯ ಜನರ ಮೇಲೆ ನಡೆದ ದಾಳಿಗಳೇ. ತಡೆಯಲು ಹೋಗಿ ಸತ್ತವನ ಹೆಸರು ಕಲ್ಲಿಗೆ ಬಂತು, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಸಿಕ್ಕಿತು. ನೆನಪೂ ಪರಿಹಾರವೂ ಒಂದೇ ಕಲ್ಲಿನಲ್ಲಿ ಸೇರಿದ್ದ ಆ ವ್ಯವಸ್ಥೆಯನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಅದರಲ್ಲೊಂದು ದೊಡ್ಡ ಕೊರತೆಯಿತ್ತು. ಕಲ್ಲು ನಿಂತದ್ದು ಕಾದಿ ಸತ್ತವನಿಗೆ. ಅದೇ ದಾಳಿಯಲ್ಲಿ ಆಯುಧ ಹಿಡಿಯದೆ, ಓಡಲೂ ಆಗದೆ ಸತ್ತ ಮುದುಕಿಗೆ, ಕೂಲಿಯವನಿಗೆ, ಮಗುವಿಗೆ ಕಲ್ಲಿಲ್ಲ. ಈ ಭೇದ ಸಾವಿರ ವರ್ಷ ದಾಟಿ ಇಂದಿಗೂ ನಮ್ಮೊಂದಿಗಿದೆ ಎಂಬುದೇ ನನ್ನ ತಕರಾರು.

ಆಧುನಿಕ ಕಾಲಕ್ಕೆ ಬಂದರೆ, ಕರ್ನಾಟಕ ಭಯೋತ್ಪಾದನೆಯನ್ನು ಮನೆಬಾಗಿಲಲ್ಲಿ ಕಂಡದ್ದು 1991ರಲ್ಲಿ. ಆ ವರ್ಷದ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದ ತಂಡದ ಶಿವರಾಸನ್ ಮತ್ತು ಸಂಗಡಿಗರು ಅಡಗಿದ್ದು ಬೆಂಗಳೂರಿನ ಅಂಚಿನ ಕೋಣನಕುಂಟೆಯಲ್ಲಿ. ಆಗಸ್ಟ್ 20ರ ಬೆಳಗಿನ ಜಾವ ಕಮಾಂಡೊಗಳು ಮನೆಯೊಳಗೆ ನುಗ್ಗುವಷ್ಟರಲ್ಲಿ ಏಳೂ ಜನ ಸತ್ತಿದ್ದರು. ಮೇ 21 ಭಯೋತ್ಪಾದನಾ ವಿರೋಧಿ ದಿನವಾಯಿತು. ಆ ದಿನ ಸರ್ಕಾರಿ ಕಚೇರಿಗಳಲ್ಲಿ ನೌಕರರು ಪ್ರತಿಜ್ಞೆ ಓದುತ್ತಾರೆ. ಅದರಲ್ಲಿ ದೇಶದ ಐಕ್ಯವಿದೆ, ಅಹಿಂಸೆಯಿದೆ. ಸತ್ತ ಒಬ್ಬ ಸಾಮಾನ್ಯನ ಹೆಸರೂ ಇಲ್ಲ.

2000ದ ಜೂನ್, ಜುಲೈನಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚುಗಳಲ್ಲಿ ಬಾಂಬ್ ಸಿಡಿದವು. ಜುಲೈ 9ರಂದು ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ತಾನಾಗಿ ಸ್ಫೋಟಿಸದಿದ್ದರೆ ಈ ಸ್ಫೋಟಗಳ ಹಿಂದಿದ್ದ ದೀನ್‌ದಾರ್ ಅಂಜುಮನ್ ಸಂಘಟನೆಯ ಸಂಚು ಅಷ್ಟು ಬೇಗ ಬಯಲಾಗುತ್ತಿರಲಿಲ್ಲ. ಸುಟ್ಟ ವಾಹನದ ಜಾಡು ಹಿಡಿದು ಪೊಲೀಸರು ಮಾಡಿದ ಆ ತನಿಖೆ ರಾಜ್ಯದ ಇಂಥ ತನಿಖೆಗಳಲ್ಲಿ ಮೊದಲ ಗಟ್ಟಿ ಕೆಲಸ ಎನ್ನಬಹುದು. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡು ಹಾರಿತು. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ನಗರ ಬೆಚ್ಚಿತು, ಗೇಟುಗಳಲ್ಲಿ ತಪಾಸಣೆ ಬಿಗಿಯಾಯಿತು. ಆದರೆ ಪುರಿಯವರ ಹೆಸರನ್ನು ಇಂದು ಹೇಳಬಲ್ಲ ಕನ್ನಡಿಗರು ಎಷ್ಟು ಮಂದಿ?

ನಿಜವಾದ ತಿರುವು 2008. ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ ನಡೆದು ಮಡಿವಾಳದ ಬಸ್ ತಂಗುದಾಣದಲ್ಲಿದ್ದ ಹೆಂಗಸೊಬ್ಬರು ಸತ್ತರು. ನಾಲ್ಕು ತಿಂಗಳ ನಂತರ ಉಗ್ರರ ದಾಳಿಗೆ ಮುಂಬೈ ಹೊತ್ತಿ ಉರಿಯಿತು. ಡಿಸೆಂಬರ್ ಕೊನೆಯೊಳಗೆ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾನೂನು ಬಂತು, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಬಿಗಿಯಾಯಿತು. ರಾಜ್ಯದಲ್ಲಿ ಆಂತರಿಕ ಭದ್ರತಾ ವಿಭಾಗ ಹುಟ್ಟಿತು, ಗರುಡ ಕಮಾಂಡೊ ಪಡೆ ತರಬೇತಿಗೆ ಇಳಿಯಿತು. 2017ರಲ್ಲಿ ಜನ ಸೇರುವ ಕಡೆಗಳಲ್ಲಿ ಸಿಸಿಟಿವಿ ಕಡ್ಡಾಯ ಮಾಡುವ ಸಾರ್ವಜನಿಕ ಸುರಕ್ಷತಾ ಕಾನೂನನ್ನೂ ಕರ್ನಾಟಕ ಮಾಡಿತು. ಇದರ ಫಲ ಕಣ್ಣಿಗೆ ಕಾಣುವಂಥದ್ದು: ಕೆಫೆ ಪ್ರಕರಣದಲ್ಲಿ ಟೋಪಿ, ಮಾಸ್ಕ್ ಹಾಕಿಕೊಂಡು ಬ್ಯಾಗ್ ಇಟ್ಟು ಹೋದವನ ನಡಿಗೆಯನ್ನು ಕ್ಯಾಮೆರಾಗಳು ಹಿಡಿದವು, ಆರು ವಾರಗಳಲ್ಲಿ ಬಂಧನವಾಯಿತು. ತನಿಖೆಯ ಕೈ ಬಲವಾಗಿದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನೆನಪಿನ ಕತೆ ಹಾಗಿಲ್ಲ. ಮುಂಬೈಯ ತಾಜ್ ಹೋಟೆಲಿನಲ್ಲಿ ಕಾದಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ 2009ರಲ್ಲಿ ಅಶೋಕ ಚಕ್ರ ಸಂದಿತು, ಯಲಹಂಕದ ರಸ್ತೆಗೆ ಅವರ ಹೆಸರು ಬಂತು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಸಿಆರ್‌ಪಿಎಫ್ ಯೋಧರಲ್ಲೊಬ್ಬರಾದ ಮಂಡ್ಯ ಜಿಲ್ಲೆ ಗುಡಿಗೆರೆಯ ಎಚ್. ಗುರು ಅವರ ಅಂತ್ಯಕ್ರಿಯೆಗೆ ಊರೂರೇ ಹರಿದುಬಂತು. ಇವೆಲ್ಲ ಸಲ್ಲಬೇಕಾದ ಗೌರವವೇ. ವೀರಗಲ್ಲಿನ ಸಂಪ್ರದಾಯ ಇಲ್ಲಿ ಜೀವಂತವಾಗಿದೆ. ಆದರೆ ಮಡಿವಾಳದಲ್ಲಿ ಬಸ್ಸಿಗೆ ಕಾದವರ ಹೆಸರು ಕೇಳಿದರೆ ಬೆಂಗಳೂರಿನವರೇ ತಡವರಿಸುತ್ತಾರೆ. 2014ರ ಡಿಸೆಂಬರ್ 28ರ ರಾತ್ರಿ ಚರ್ಚ್ ಸ್ಟ್ರೀಟ್‌ನಲ್ಲಿ ಸ್ಫೋಟಕ್ಕೆ ಬಲಿಯಾದ ಚೆನ್ನೈನ ಹೆಣ್ಣುಮಗಳ ನೆನಪು ಇನ್ನೂ ಮಸುಕು. 2010ರ ಚಿನ್ನಸ್ವಾಮಿ ಕ್ರೀಡಾಂಗಣದ ಸ್ಫೋಟ, 2013ರ ಮಲ್ಲೇಶ್ವರದ ಸ್ಫೋಟ, ಎರಡೂ ಏಪ್ರಿಲ್ 17ರಂದೇ ನಡೆದವು; ಅಲ್ಲಿ ಗಾಯಗೊಂಡವರು ಆಮೇಲೆ ಹೇಗೆ ಬದುಕಿದರೆಂದು ವಿಚಾರಿಸಿದವರು ಕಡಿಮೆ.

ಹಣದ ಪರಿಹಾರ ಮಾತ್ರ ನಿಧಾನವಾಗಿ ನಿಯಮಕ್ಕೆ ಬಂದಿದೆ. ಭಯೋತ್ಪಾದನೆಯ ನಾಗರಿಕ ಸಂತ್ರಸ್ತರಿಗೆ ಕೇಂದ್ರದ ನೆರವಿನ ಯೋಜನೆ 2008ರಲ್ಲಿ 3 ಲಕ್ಷ ರೂಪಾಯಿಯಿಂದ ಆರಂಭವಾಗಿ 2016ರಲ್ಲಿ 5 ಲಕ್ಷಕ್ಕೆ ಏರಿತು. 2011ರಲ್ಲಿ ರಾಜ್ಯ ತನ್ನದೇ ಸಂತ್ರಸ್ತರ ಪರಿಹಾರ ಯೋಜನೆ ಮಾಡಿತು. ಪಹಲ್ಗಾಮ್‌ನಲ್ಲಿ ಮಡಿದ ಕನ್ನಡಿಗರ ಕುಟುಂಬಗಳಿಗೆ ತಲಾ 10 ಲಕ್ಷ ಘೋಷಿಸಿತು. ಚೆಕ್ಕು ಬೇಕು, ಅಗತ್ಯ. ಆದರೆ ಅದು ಕೈಸೇರಿದ ದಿನವೇ ಕಡತ ಮುಚ್ಚಿದಂತಾಗುತ್ತದೆ.

ಪಹಲ್ಗಾಮ್ ಒಂದು ವಿಷಯದಲ್ಲಿ ಹಿಂದಿನವುಗಳಿಗಿಂತ ಬೇರೆ. ಸತ್ತವರಲ್ಲಿ ಹೆಚ್ಚಿನವರು ರಜೆಗೆ ಹೋಗಿದ್ದ ಸಂಸಾರಸ್ಥರು, ಮತ್ತು ದೇಶ ಮೊದಲ ಸಲ ಅವರನ್ನು ಹೆಸರು ಹಿಡಿದು ಅತ್ತಿತು. ಏಪ್ರಿಲ್ 24ರಂದು ಶಿವಮೊಗ್ಗದಲ್ಲಿ ಅಂತ್ಯಸಂಸ್ಕಾರಕ್ಕೆ ನೆರೆದವರಲ್ಲಿ ಆ ಮನೆಯ ಪರಿಚಯವೇ ಇಲ್ಲದವರೂ ಇದ್ದರು. ಮೇ 7ರಂದು ಭಾರತದ ಸೇನಾ ಪ್ರತಿದಾಳಿ ಆಪರೇಷನ್ ಸಿಂಧೂರ ನಡೆಯಿತು. ಜುಲೈ 28ರಂದು ಶ್ರೀನಗರದ ಬಳಿ ದಾಳಿಕೋರರು ಹತರಾದರು. ಸೇಡಿನ ಲೆಕ್ಕ ಹೀಗೆ ತಿಂಗಳುಗಳಲ್ಲಿ ಮುಂದುವರಿದರೆ, ಮನೆಯವರ ಲೆಕ್ಕ ವರ್ಷಗಳದ್ದು. ಮಗನ ಪರೀಕ್ಷೆ, ಮನೆ ಸಾಲ, ತಿಥಿ, ಪ್ರತಿ ಏಪ್ರಿಲ್‌ನಲ್ಲೂ ಬಾಗಿಲಿಗೆ ಬರುವ ಕ್ಯಾಮೆರಾ. ಈ ಎರಡನೆಯ ಲೆಕ್ಕವನ್ನು ಇಡುವವರು ಯಾರೂ ಇಲ್ಲ.

ಹೊರಗಿನ ಲೋಕ ಇದರಲ್ಲಿ ನಮಗಿಂತ ಹೆಚ್ಚು ಎಡವಿದೆ, ಹೆಚ್ಚು ಕಲಿತಿದೆ. 1985ರ ಜೂನ್ 23ರಂದು ಕೆನಡಾದಿಂದ ಬರುತ್ತಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನದ ಸ್ಫೋಟದಲ್ಲಿ ಸತ್ತ 329 ಜನರಿಗೆ ಐರ್ಲೆಂಡಿನ ಅಹಾಕಿಸ್ಟಾ ಎಂಬ ಪುಟ್ಟ ಕರಾವಳಿ ಊರಿನಲ್ಲಿ ಮರುವರ್ಷವೇ ಸ್ಮಾರಕ ಎದ್ದಿತು. ಕೆನಡಾಕ್ಕೆ ಅದು ತನ್ನದೇ ದುಃಖವೆಂದು ಒಪ್ಪಿಕೊಳ್ಳಲು, ಆ ದಿನವನ್ನು ಸಂತ್ರಸ್ತರ ದಿನವೆಂದು ಸಾರಲು 20 ವರ್ಷ ಹಿಡಿಯಿತು. ನ್ಯೂಯಾರ್ಕಿನ 9/11 ಸ್ಮಾರಕದಲ್ಲಿ 2,983 ಹೆಸರುಗಳಿವೆ. ಅಗ್ನಿಶಾಮಕ ಸಿಬ್ಬಂದಿಯೂ ಕಚೇರಿ ಗುಮಾಸ್ತರೂ ಒಂದೇ ಕಂಚಿನ ಅಂಚಿನಲ್ಲಿದ್ದಾರೆ. ನಾರ್ವೆಯ ಉದಾಹರಣೆ ನನಗೆ ಇನ್ನೂ ಮುಖ್ಯ. 2011ರ ಜುಲೈ 22ರಂದು 77 ಜನರನ್ನು ಕಳೆದುಕೊಂಡ ಆ ದೇಶ, ಉಟೊಯಾ ದ್ವೀಪದ ಎದುರಿನ ಭೂಶಿರವನ್ನೇ ಸೀಳಿ ಸ್ಮಾರಕ ಮಾಡಲು ಹೊರಟಿತ್ತು. ಪ್ರತಿದಿನ ಅದನ್ನು ನೋಡಿಕೊಂಡು ಬದುಕಲಾರೆವು ಎಂದು ನೆರೆಯ ನಿವಾಸಿಗಳು ಹೇಳಿದರು. 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಘಟನೆಯ ನೆರಳಿನಲ್ಲಿ ಉಳಿದವರ ಮಾತಿಗೂ ಬೆಲೆಯಿದೆ ಎಂದು ಒಂದು ದೇಶ ಒಪ್ಪಿತು.

ತೀರ್ಥಹಳ್ಳಿಗೆ ಆ ಬೆಲೆ ಸಿಗಲಿಲ್ಲ. ಕೆಫೆ ಪ್ರಕರಣದಲ್ಲಿ ಸಾಕ್ಷಿಯಾಗಿ ವಿಚಾರಣೆಗೆ ಕರೆದವರನ್ನೇ ಬಂಧಿತರೆಂದು ಸುದ್ದಿ ಹಬ್ಬಿಸಲಾಯಿತು. ಖಚಿತವಾಗದ ಸುದ್ದಿ ತನಿಖೆಗೆ ಅಡ್ಡಿಯಾಗುತ್ತದೆ ಎಂದು ತನಿಖಾ ಸಂಸ್ಥೆಯೇ ಹೇಳಬೇಕಾಯಿತು. ಶಾಂತವೇರಿ ಗೋಪಾಲಗೌಡರ, ಅನಂತಮೂರ್ತಿಯವರ ಊರೆಂದು ಹೇಳಿಕೊಳ್ಳುತ್ತಿದ್ದ ತಾಲ್ಲೂಕಿನ ಹುಡುಗರು ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಕೇಳುವಾಗ ಊರಿನ ಹೆಸರು ಹೇಳಲು ಹಿಂಜರಿಯುವಂತಾದರೆ ಅದು ಅನ್ಯಾಯ. ಅವರಲ್ಲಿ ಮುಸ್ಲಿಂ ಹುಡುಗರ ಪಾಲಿಗೆ ಬರುವ ಅನ್ಯಾಯ ಎರಡು ಪಟ್ಟು. ಮೂವರ ಮೇಲಿನ ಆರೋಪ ಮೂವರದ್ದು. ಅದನ್ನು ನ್ಯಾಯಾಲಯ ತೂಗುತ್ತದೆ.

ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಗುಂಡಾಜೋಯಿಸರು ಕಟ್ಟಿ ಬೆಳೆಸಿದ, ಈಗ ಕುವೆಂಪು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿರುವ ವಸ್ತುಸಂಗ್ರಹಾಲಯವಿದೆ. ಓಲೆಗರಿ, ಕಡತಗಳನ್ನು ಅದು ಕಾಪಾಡಿಕೊಂಡು ಬಂದಿದೆ. ನಮ್ಮ ಕಾಲದ ದಾಖಲೆಗೂ ಅಲ್ಲೊಂದು ಕಪಾಟು ಬೇಕೆಂದು ನಾನು ಕೇಳುತ್ತೇನೆ. ಪತ್ರಿಕೆಗಳ ಪುಟ, ನ್ಯಾಯಾಲಯದ ತೀರ್ಪು, ಪರಿಹಾರದ ಆದೇಶ, ಕುಟುಂಬಗಳು ಒಪ್ಪಿ ಕೊಟ್ಟ ಮಾತು, ತೀರ್ಥಹಳ್ಳಿಯ ಬೀದಿಯವರು ಆ ದಿನಗಳ ಬಗ್ಗೆ ಹೇಳುವುದು ಎಲ್ಲವೂ ಒಂದೆಡೆ ಸೇರಲಿ. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಧ್ವನಿಮುದ್ರಣದ ಕೆಲಸವನ್ನು ಮಂಗಳೂರಿನ ಆಟೊ ಚಾಲಕರಿಂದ, ಕೆಫೆಯಲ್ಲಿ ಗಾಯಗೊಂಡವರಿಂದ ಆರಂಭಿಸಿ ಹಿಂದಕ್ಕೆ ಹೋಗಬಹುದು. 2000ದ ಚರ್ಚುಗಳಲ್ಲಿ, 2008ರ ಬೀದಿಗಳಲ್ಲಿ ಗಾಯಗೊಂಡವರಿಗೆ ಈಗ ವಯಸ್ಸಾಗುತ್ತಿದೆ. ಮೊದಲು ಅವರನ್ನು ಹುಡುಕಬೇಕು.