ಪುರದ ಸಗಣಿ, ಪುರದ ನೀರು

ಹೋದ ತಿಂಗಳು ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ ಕಾಂಪೌಂಡಿನಾಚೆ ನಿಂತು, "ಆಂಟಿ, ನಿಮ್ಮ ತಿಪ್ಪೆ ವಾಸನೆಗೆ ಕಿಟಕಿ ತೆಗೆಯೋಕಾಗಲ್ಲ" ಅಂದ್ಲು. ನಂಗೆ ಸಿಟ್ಟು ಬಂತು, ಆಮೇಲೆ ನಾಚಿಕೆ ಆಯ್ತು. ಅವಳಂದದ್ದು ಸುಳ್ಳಲ್ಲ ಕಣ್ರೇ. ನಮ್ಮನೆ ಗೋಬರ್ ಗ್ಯಾಸಿನ ಡ್ರಮ್ಮು ತುಕ್ಕು ಹಿಡಿದು ತೂತಾಗಿ ಎರಡು ವರ್ಷ. ಸಿಲಿಂಡರ್ ಐತಲ್ಲ ಅಂತ ಯಾರೂ ರಿಪೇರಿ ಮಾಡಿಸಲಿಲ್ಲ. ಮೂರು ಹಸುವಿನ ಸಗಣಿ ಸೀದಾ ತಿಪ್ಪೆಗೇ ಬೀಳ್ತೈತೆ.

"ಗುಂಡಿ ಮುಚ್ಚಿಸಿಬಿಡಾಣ" ಅಂದ ಮಗ. ಆಗ ನಂಗೆ ಪುರದ ಕತೆ ನೆನಪಾಯ್ತು.

ಪುರ ಅಂದ್ರೆ ನಮ್ಮ ಕುಣಿಗಲ್ ತಾಲ್ಲೂಕಿನದೇ ಸಣ್ಣ ಊರು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಕೆ 'ಅಸ್ತ್ರ' ಅಂತ ಒಂದು ಕೇಂದ್ರ ಸುರುವಾಯ್ತು. ಅದರ ಮುಂದಾಳು ಅಮೂಲ್ಯ ರೆಡ್ಡಿಯವರು. ಅವರ ತಂಡ ಪುರಕ್ಕೆ ಬಂದು, ಸೌದೆ ಎಷ್ಟು ಉರೀತೈತೆ, ನೀರು ಸೌದೆ ತರೋಕೆ ಹೆಂಗಸರು ಮಕ್ಕಳ ಹೊತ್ತು ಎಷ್ಟು ಹೋಗ್ತೈತೆ ಅಂತ ಲೆಕ್ಕ ಹಾಕಿದ್ರು.

ಮೊದಲು ಅವರು ಊರಿಗೆಲ್ಲ ಅಡುಗೆ ಗ್ಯಾಸು ಕೊಡಾಣ ಅಂತ ಹೊರಟ್ರು. ಅದು ನಿಲ್ಲಲಿಲ್ಲ. ಎಲ್ಲಾ ಮನೆ ಒಲೆಗೂ ಸಾಲೋಷ್ಟು ಸಗಣಿ ಇರಲಿಲ್ಲ, ಸೌದೆಯೋ ಕಾಸಿಲ್ಲದೆ ಸಿಗ್ತಿತ್ತು. ಊರೋರಿಗೆ ಮೊದಲು ಬೇಕಿದ್ದುದು ಕುಡಿಯೋ ನೀರು. ತಂಡದೋರು ಆ ಮಾತು ಕೇಳಿದ್ರು ನೋಡಿ, ಅದು ನಂಗೆ ಇಷ್ಟವಾದ್ದು. 1987ರಲ್ಲಿ ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿದ್ರು. ಕರೆಂಟು ಹುಟ್ತು, ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಯೊಳಗೆ ಟ್ಯೂಬ್‌ಲೈಟ್ ಹತ್ತಿತು.

ಸಗಣಿಯನ್ನ ಯಾರೂ ಪುಕ್ಕಟೆ ತಗೊಳ್ಳಲಿಲ್ಲ. ತೂಕ ಹಾಕಿ, ತಂದುಕೊಟ್ಟೋರಿಗೆ ಕೆಜಿಗೆ 2 ಪೈಸೆ ಕೊಡ್ತಿದ್ರು. ಗ್ಯಾಸ್ ತೆಗೆದ ಬಗ್ಗಡವನ್ನ ಮರಳಿನ ಮೇಲೆ ಸೋಸಿ, ಗೊಬ್ಬರಾನ ಅವರವರಿಗೇ ವಾಪಸ್. 2 ಪೈಸೆ ದೊಡ್ಡದಲ್ಲ. ಆದ್ರೆ ನಾನು ಮದುವೆಯಾಗಿ ಬಂದಾಗಿಂದ ಎತ್ತಿದ ಸಗಣಿಯನ್ನ ಯಾರೂ ಒಂದು ದಿನ ತೂಗಿದ್ದಿಲ್ಲ.

ಇನ್ನು ನಾತದ ವಿಷಯ. ತಿಪ್ಪೆಯಲ್ಲಿ ಸಗಣಿ ಅರ್ಧಂಬರ್ಧ ಕೊಳೀತೈತೆ. ಆಗ ಹುಟ್ಟೋ ಹುಳಿ ಪದಾರ್ಥಗಳೇ ವಾಸನೆಗೂ ನೊಣಕ್ಕೂ ಕಾರಣ. ಗಾಳಿಯಾಡದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಆ ಹುಳಿಯನ್ನೇ ತಿಂದು ಗ್ಯಾಸ್ ಮಾಡ್ತವೆ. ಅದರಲ್ಲಿ ನೂರಕ್ಕೆ 55-60 ಪಾಲು ಉರಿಯೋ ಮೀಥೇನ್. ಅದಕ್ಕೇ ಹೊರಗೆ ಬರೋ ಬಗ್ಗಡ ಅಷ್ಟು ನಾರಲ್ಲ, ಗೊಬ್ಬರದ ಸತ್ವವೂ ಉಳೀತೈತೆ. ಕೊಳೆತ ಮೊಟ್ಟೆ ವಾಸನೆ ಬಂತಾ, ಗ್ಯಾಸ್ ಸೋರ್ತಿರಬಹುದು, ಬೆಂಕಿ ಹಚ್ಚಬ್ಯಾಡಿ.

ಇಷ್ಟೆಲ್ಲ ಹೇಳಿದ ಮೇಲೆ ಮಗ ಸುಮ್ಮನಾದ. ಈ ಸಲ ಕಬ್ಬಿಣದ ಡ್ರಮ್ಮು ಬ್ಯಾಡ ಅಂತ ಮಾತಾಗೈತೆ. 1984ರಲ್ಲಿ ಬಂದ ದೀನಬಂಧು ಅನ್ನೋ ಮಾದರಿ ಐತಲ್ಲ, ಇಟ್ಟಿಗೆ ಗುಮ್ಮಟದ್ದು, ಅದನ್ನೇ ಕಟ್ಟಿಸ್ತೀವಿ. ತುಕ್ಕಿನ ಕಾಟ ಇಲ್ಲ. ಮೇಸ್ತ್ರಿ ಸೋಮವಾರ ಬರ್ತಾನೆ.

ಪಕ್ಕದ ಹುಡುಗಿಗೂ ಹೇಳಿದೀನಿ, ಸ್ವಲ್ಪ ದಿನ ತಡ್ಕೊಳಮ್ಮ, ನಿನ್ನ ಗುಲಾಬಿ ಗಿಡಕ್ಕೆ ಬಗ್ಗಡ ಕೊಡ್ತೀನಿ ಅಂತ. ನಿಮ್ಮನೆ ಹಿತ್ತಲಲ್ಲೂ ಪಾಳು ಬಿದ್ದ ಗೋಬರ್ ಗ್ಯಾಸ್ ಗುಂಡಿ ಇದ್ರೆ, ಮುಚ್ಚೋಕೆ ಮುಂಚೆ ಒಂದು ಸಲ ನೋಡ್ರಮ್ಮ.